ಶ್ರುತಿಪೆಟ್ಟಿಗೆಯ ಬಂಧುಬಳಗ

ವಸ್ತುಸಂಗ್ರಹಾಲಯವೆಂದರೆ ಮೌನದ ಮನೆ. ಅಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಕತ್ತಿಯಿರುತ್ತದೆ, ಕಾಳಗವಿರುವುದಿಲ್ಲ. ಕಿರೀಟವಿರುತ್ತದೆ, ಅದನ್ನು ಹೊತ್ತ ತಲೆಯಿರುವುದಿಲ್ಲ. ಬಂದವರು ಮೆಲ್ಲನೆ ನಡೆಯಬೇಕು, ಮೆಲ್ಲನೆ ಮಾತಾಡಬೇಕು, ಯಾವುದನ್ನೂ ಮುಟ್ಟಬಾರದು. ನೃತ್ಯದ ಕ್ಲಬ್ಬು ಇದಕ್ಕೆ ತೀರ ವಿರುದ್ಧವಾದ ಜಾಗ. ಅಲ್ಲಿ ಕತ್ತಲೆ, ಇಕ್ಕಟ್ಟು, ಕಿವಿಗಿಂತ ಮೊದಲು ಎದೆಗೂಡಿಗೆ ತಟ್ಟುವ ಸದ್ದು. ಸುಮ್ಮನೆ ನಿಂತವನೇ ಅಲ್ಲಿ ಅಪರಾಧಿ. ಇಂಥ ಎರಡನ್ನು ಒಂದೇ ಸೂರಿನಡಿ ಕೂಡಿಸುವುದೆಂದರೆ ಎಣ್ಣೆಗೂ ಸೀಗೇಕಾಯಿಗೂ ನೆಂಟಸ್ತಿಕೆ ಬೆಳೆಸಿದಂತೆ. ಆದರೂ ಯುರೋಪಿನವರು ಈ ನೆಂಟಸ್ತಿಕೆಯನ್ನು ಕುದುರಿಸಿಯೇಬಿಟ್ಟರು. ಜರ್ಮನಿಯ ವಿಟ್ರಾ ವಿನ್ಯಾಸ ಸಂಗ್ರಹಾಲಯವು ೨೦೧೮ರಲ್ಲಿ ೧೯೬೦ರಿಂದೀಚಿನ ಕ್ಲಬ್ಬುಗಳ ಕಟ್ಟಡ, ದೀಪ, ಉಡುಪುಗಳನ್ನೆಲ್ಲ ಪ್ರದರ್ಶನಕ್ಕಿಟ್ಟಿತು. ಮರುವರ್ಷ ಪ್ಯಾರಿಸಿನ ಫಿಲ್ಹಾರ್ಮನಿ ಭವನವು ವಿದ್ಯುತ್ ಸಂಗೀತದ ಇತಿಹಾಸವನ್ನೇ ಒಂದು ಪ್ರದರ್ಶನವಾಗಿ ಕಟ್ಟಿತು. ಅದೇ ಪ್ರದರ್ಶನವು ಸ್ವಲ್ಪ ರೂಪ ಬದಲಿಸಿಕೊಂಡು ೨೦೨೦ರಲ್ಲಿ ಲಂಡನ್ನಿನ ಡಿಸೈನ್ ಮ್ಯೂಸಿಯಮ್ಮಿಗೆ ಬಂದಿತು.

ಲಂಡನ್ನಿಗೆ ಬಂದ ಕಾಲ ಮಾತ್ರ ವಿಚಿತ್ರವಾದುದು. ಏಪ್ರಿಲಿನಲ್ಲಿ ತೆರೆಯಬೇಕಾಗಿದ್ದ ಪ್ರದರ್ಶನ ಕೋವಿಡ್ ಮಾರಿಯ ಕಾರಣದಿಂದ ಜುಲೈ ೩೧ರಂದು ತೆರೆಯಿತು. ಆಗ ಆ ದೇಶದ ನೈಟ್‌ಕ್ಲಬ್ಬುಗಳೆಲ್ಲ ಮುಚ್ಚಿದ್ದುವು. ಇಂಗ್ಲೆಂಡಿನಲ್ಲಿ ಅವುಗಳ ಬಾಗಿಲು ಮತ್ತೆ ತೆರೆದುದು ೨೦೨೧ರ ಜುಲೈಯಲ್ಲಿ. ಹೀಗಾಗಿ ಕುಣಿತವನ್ನು ಕಾಣಬೇಕಾದರೆ ಸಂಗ್ರಹಾಲಯಕ್ಕೆ ಹೋಗಬೇಕು, ಕುಣಿಯಬಾರದು ಎಂಬ ಪರಿಸ್ಥಿತಿಯುಂಟಾಯಿತು. ಕಾಡಿನಲ್ಲಿ ಹುಲಿಯಿಲ್ಲದಾಗ ಮೃಗಾಲಯದ ಹುಲಿಗೆ ಬರುವ ಬೆಲೆ ಆ ಯಂತ್ರಗಳಿಗೂ ಬಂದಿತು. ಒಂದು ಸಂಸ್ಕೃತಿ ಗಾಜಿನ ಹಿಂದೆ ಸೇರುವುದು ಅದು ಸತ್ತ ಮೇಲೆ ಎಂಬುದು ಸಾಮಾನ್ಯ ನಂಬಿಕೆ. ಇಲ್ಲಿ ಅದು ಉಸಿರು ಬಿಗಿಹಿಡಿದಿದ್ದಾಗಲೇ ಗಾಜಿನ ಹಿಂದೆ ಸೇರಿತ್ತು.

ಇದನ್ನೆಲ್ಲ ಬೆಂಗಳೂರಿನ ಪಶ್ಚಿಮ ಬಡಾವಣೆಗಳ ಗೃಹಸ್ಥರ ಮುಂದೆ ಹೇಳಿದರೆ ಅವರು ಏನೆಂದಾರು ಎಂಬುದನ್ನು ಊಹಿಸುವುದು ಕಷ್ಟವಲ್ಲ. ರಾಜಾಜಿನಗರ, ಬಸವೇಶ್ವರನಗರ, ವಿಜಯನಗರಗಳು ಬೇಗನೆ ಮಲಗಿ ಬೇಗನೆ ಏಳುವ ಊರುಗಳು. ಅಲ್ಲಿನ ಬೆಳಗು ರಂಗೋಲಿ, ಹಾಲಿನ ಪೊಟ್ಟಣ, ಕಾಫಿಯ ಹಬೆಗಳಿಂದ ಮೊದಲಾಗುತ್ತದೆ. ರಾಮನವಮಿಗೆ ಕೋಸಂಬರಿ ಪಾನಕ, ಸಂಜೆ ಮಕ್ಕಳಿಗೆ ಸಂಗೀತದ ಪಾಠ. ಇಂಥ ಮನೆಯ ಹಿರಿಯರು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು, “ವಿದ್ಯುತ್ ಸಂಗೀತವೆ? ಅದು ಕೋರಮಂಗಲ, ಇಂದಿರಾನಗರದ ಕಡೆಯವರ ಬಾಬತ್ತು. ನಮ್ಮ ಮನೆಯಲ್ಲಿ ಅಂಥದೇನೂ ಇಲ್ಲ” ಎಂದುಬಿಡುತ್ತಾರೆ.

ಅವರು ಹೀಗೆ ಹೇಳುತ್ತಿರುವ ಹೊತ್ತಿಗೇ ದೇವರ ಗೂಡಿನ ಪಕ್ಕದ ಸ್ಟೂಲಿನ ಮೇಲೆ ಒಂದು ಪುಟ್ಟ ಪೆಟ್ಟಿಗೆ ಪ-ಸ-ಸ-ಸ ಎಂದು ಗುಣಗುಣಿಸುತ್ತಿರುತ್ತದೆ. ಅದಕ್ಕೊಂದು ತಂತಿ ಗೋಡೆಯ ಪ್ಲಗ್ಗಿನಿಂದ ಬಂದಿದೆ. ಮುಂಭಾಗದಲ್ಲಿ ಮೂರು ನಾಲ್ಕು ತಿರುಪುಗಳು. ಆಯುಧಪೂಜೆಯ ದಿನ ಅದರ ನೆತ್ತಿಗೂ ಒಂದು ಬೊಟ್ಟು ಕುಂಕುಮ ಬೀಳುತ್ತದೆ. ಅದು ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ. ವಿದ್ಯುತ್ ಸಂಗೀತ ಈ ಮನೆಗಳಿಗೆ ಬಂದಿಲ್ಲವೆನ್ನುವುದು ಹೇಗೆ? ಅದು ಬಂದು, ಕಾಲು ತೊಳೆದು, ದೇವರ ಮನೆಯ ಹೊಸ್ತಿಲಲ್ಲಿಯೇ ಕುಳಿತು ಹಲವು ದಶಕಗಳಾದುವು.

ಈ ಪೆಟ್ಟಿಗೆಯ ಜನ್ಮಸ್ಥಳ ಬೆಂಗಳೂರೇ. ಹಿಂದೂಸ್ಥಾನ್ ಏರೊನಾಟಿಕ್ಸ್‌ನಲ್ಲಿ ಎಂಜಿನಿಯರರಾಗಿದ್ದ, ಸ್ವತಃ ಕೊಳಲುವಾದಕರಾದ ಜಿ. ರಾಜನಾರಾಯಣ ಅವರು ೧೯೭೯ರಲ್ಲಿ ಇಂಥ ಉಪಕರಣಗಳ ತಯಾರಿಕೆಯನ್ನು ಆರಂಭಿಸಿದರು. ಅವರ ರಾಡೆಲ್ ಸಂಸ್ಥೆಯಿಂದ ಶ್ರುತಿಪೆಟ್ಟಿಗೆ, ಎಲೆಕ್ಟ್ರಾನಿಕ್ ತಂಬೂರಿ, ತಾಳ ಹಾಕುವ ಯಂತ್ರ, ಮುಂದೆ ಎಲೆಕ್ಟ್ರಾನಿಕ್ ವೀಣೆಯೂ ಹೊರಬಂದುವು. ಹಗಲು ವಿಮಾನದ ಲೆಕ್ಕ, ಬಿಡುವಿನಲ್ಲಿ ಕೊಳಲು. ಇವೆರಡೂ ಒಬ್ಬನೇ ಮನುಷ್ಯನಲ್ಲಿ ಕೂಡಿದುದರಿಂದ ಈ ಪೆಟ್ಟಿಗೆ ಹುಟ್ಟಿತು. ಸರ್ಕಾರಿ ಕಾರ್ಖಾನೆಗಳೂ ಸಂಗೀತ ಸಭೆಗಳೂ ಅಕ್ಕಪಕ್ಕದಲ್ಲಿ ಬೆಳೆದ ಈ ಊರಿನಲ್ಲಿ ಅಂಥದು ನಡೆದುದರಲ್ಲಿ ಆಶ್ಚರ್ಯವಿಲ್ಲ. ಶಿವನಸಮುದ್ರದ ವಿದ್ಯುತ್ತು ೧೯೦೨ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. ೧೯೦೫ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿತು. ಬೆಂಗಳೂರು ಗಾಯನ ಸಮಾಜ ಹುಟ್ಟಿದುದೂ ಅದೇ ೧೯೦೫ರಲ್ಲಿ. ಒಂದೇ ವರ್ಷದ ಈ ಎರಡು ಕೂಸುಗಳು ಬೆಳೆದು ಎಂದಾದರೊಂದು ದಿನ ಸಂಧಿಸಲೇಬೇಕಾಗಿತ್ತು.

ಮರದ ತಂಬೂರಿಯ ಗುಟ್ಟು ಇರುವುದು ಒಂದು ಎಳೆ ನೂಲಿನಲ್ಲಿ. ಕುದುರೆಯ ಮೇಲೆ ತಂತಿಯಡಿಗೆ ಆ ನೂಲನ್ನು ಸರಿಯಾದ ಜಾಗದಲ್ಲಿ ಸೇರಿಸಿದಾಗ ತಂತಿಯ ನಾದ ಅರಳುತ್ತದೆ. ಮೂಲಸ್ವರದೊಳಗಿಂದ ಅದರ ಅನುಸ್ವರಗಳು ಒಂದೊಂದಾಗಿ ಮೇಲೇಳುತ್ತವೆ. ಇದೇ ಜೀವಾಳಿ. ಯಂತ್ರ ಇದನ್ನು ಬೇರೆ ದಾರಿಯಿಂದ ಸಾಧಿಸಬೇಕು. ಅದರಲ್ಲಿ ತಂತಿಯಿಲ್ಲ, ಆಂದೋಲಕವೆಂಬ ವಿದ್ಯುನ್ಮಂಡಲವಿದೆ. ಪ್ರವಾಹವು ಸೆಕೆಂಡಿಗೆ ಇಷ್ಟು ಬಾರಿ ಎಂದು ಏರಿಳಿಯುತ್ತದೆ, ಆ ಏರಿಳಿತ ಸ್ಪೀಕರಿನ ತೊಗಲನ್ನು ನಡುಗಿಸುತ್ತದೆ, ಆ ನಡುಕವೇ ಸ್ವರ. ಒಂದು ತಿರುಪು ಸ್ಥಾಯಿಯನ್ನು ಏರಿಸಿ ಇಳಿಸುತ್ತದೆ, ಇನ್ನೊಂದು ಮೀಟಿನ ವೇಗವನ್ನು ಗೊತ್ತುಮಾಡುತ್ತದೆ, ಮತ್ತೊಂದು ಪಂಚಮವೋ ಮಧ್ಯಮವೋ ಎಂಬುದನ್ನು ನಿರ್ಧರಿಸುತ್ತದೆ. ಮುಂದೆ ನಿಜವಾದ ತಂಬೂರಿಯ ನಾದವನ್ನೇ ಅಂಕೆಗಳಾಗಿ ಹಿಡಿದಿಟ್ಟು ಹೊರಡಿಸುವ ಪೆಟ್ಟಿಗೆಗಳು ಬಂದುವು. ಈಗ ಆ ಪೆಟ್ಟಿಗೆಯೂ ಕರಗಿ ಕೈಫೋನಿನೊಳಗೆ ಸೇರಿಕೊಂಡಿದೆ.

ಲಂಡನ್ ಪ್ಯಾರಿಸುಗಳ ಪ್ರದರ್ಶನಗಳಲ್ಲಿ ಮೆರೆಯುವ ಸಿಂಥಸೈಜರು ಈ ಪೆಟ್ಟಿಗೆಯ ದಾಯಾದಿ. ಅಮೆರಿಕದ ರಾಬರ್ಟ್ ಮೂಗ್ ೧೯೬೪ರಲ್ಲಿ ರೂಪಿಸಿದ ಯಂತ್ರದಲ್ಲಿಯೂ ಮೊದಲು ಬರುವುದು ಆಂದೋಲಕವೇ. ಅದು ಹೊರಡಿಸಿದ ಒರಟು ನಾದವನ್ನು ಒಂದು ಜರಡಿ ಸೋಸುತ್ತದೆ. ಆಮೇಲಿನ ಒಂದು ಭಾಗ ಆ ನಾದ ಹೇಗೆ ಹುಟ್ಟಬೇಕು, ಎಷ್ಟು ಹೊತ್ತು ನಿಲ್ಲಬೇಕು, ಹೇಗೆ ಅಡಗಬೇಕು ಎಂಬುದನ್ನು ವಿಧಿಸುತ್ತದೆ. ಮೂಗರ ಏರ್ಪಾಟಿನಲ್ಲಿ ಆಂದೋಲಕಕ್ಕೆ ಕೊಡುವ ವಿದ್ಯುದೊತ್ತಡವನ್ನು ಒಂದು ವೋಲ್ಟಿನಷ್ಟು ಏರಿಸಿದರೆ ಸ್ವರವು ಒಂದು ಸ್ಥಾಯಿಯಷ್ಟು ಏರುತ್ತದೆ. ಮಧ್ಯ ಷಡ್ಜದಿಂದ ತಾರ ಷಡ್ಜಕ್ಕೆ ಒಂದು ವೋಲ್ಟಿನ ದೂರ! ಕಂಠವನ್ನು ಪಳಗಿಸಲು ವರ್ಷಗಟ್ಟಲೆ ಬೆಳಗಿನ ಚಳಿಯಲ್ಲಿ ಸರಳೆ ಜಂಟಿವರಸೆಗಳನ್ನು ಹಾಡಿದವರಿಗೆ ಈ ಲೆಕ್ಕ ಕೇಳಿ ನಗು ಬಂದರೂ ಬರಬಹುದು, ಸಿಟ್ಟು ಬಂದರೂ ಬರಬಹುದು.

ಸಿಟ್ಟು ಬಂದವರು ಹಿಂದೆಯೂ ಇದ್ದರು. ಹಾರ್ಮೋನಿಯಮ್ಮಿನ ಸ್ವರಗಳು ಭಾರತೀಯ ಸಂಗೀತದ ಸೂಕ್ಷ್ಮಕ್ಕೆ ಒಗ್ಗುವುದಿಲ್ಲವೆಂದು ೧೯೪೦ರಲ್ಲಿ ಆಕಾಶವಾಣಿ ಅದನ್ನು ಹೊರಗಟ್ಟಿತು. ಮೂರು ದಶಕಗಳವರೆಗೆ ಆ ಬಹಿಷ್ಕಾರ ಸಡಿಲವಾಗಲಿಲ್ಲ. ಅಷ್ಟರಲ್ಲಿ ಹಳ್ಳಿಹಳ್ಳಿಯ ಭಜನೆಯ ಮನೆಗಳಲ್ಲಿ, ನಾಟಕದ ಕಂಪನಿಗಳಲ್ಲಿ ಹಾರ್ಮೋನಿಯಮ್ಮು ಮನೆಯ ಮಗನಾಗಿ ಹೋಗಿತ್ತು. ಪಿಟೀಲು ಪರದೇಶದ್ದೆಂಬುದನ್ನು ಇಂದು ಯಾರೂ ನೆನೆಯುವುದಿಲ್ಲ. ಮೈಸೂರಿನ ಟಿ. ಚೌಡಯ್ಯನವರು ಆ ಪರದೇಶದ ವಾದ್ಯಕ್ಕೆ ಏಳು ತಂತಿಗಳನ್ನು ಕೂಡಿಸಿದರು. ಮೈಕಿಲ್ಲದ ಸಭೆಗಳಲ್ಲಿ ದೊಡ್ಡ ಗಾಯಕರ ಕಂಠಕ್ಕೆ ಸಮನಾಗಿ ಪಿಟೀಲು ಕೊನೆಯ ಸಾಲಿನವರೆಗೆ ಕೇಳಿಸಬೇಕಾಗಿತ್ತು. ನಾದವನ್ನು ಹಿಗ್ಗಿಸುವ ಹಂಬಲ ಸ್ಪೀಕರಿಗಿಂತ ಹಳೆಯದು. ಇಂದು ಬೆಂಗಳೂರಿನಲ್ಲಿ ಅವರ ಹೆಸರಿನ ಭವನವೇ ಪಿಟೀಲಿನ ಆಕಾರದಲ್ಲಿ ನಿಂತಿದೆ. ಕದ್ರಿ ಗೋಪಾಲನಾಥರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಕೇಳಿದ ಸ್ಯಾಕ್ಸೊಫೋನಿಗೆ ಕರ್ನಾಟಕ ಸಂಗೀತವನ್ನು ಕಲಿಸಿದರು. ಮೊದಲು ಮೂಗು ಮುರಿಯುವುದು, ಆಮೇಲೆ ಮನೆಗೆ ಸೇರಿಸುವುದು, ಕೊನೆಗೆ ಅದು ಅಜ್ಜನ ಕಾಲದಿಂದ ಇದ್ದುದೆಂದು ಸಾಧಿಸುವುದು. ವಾದ್ಯಗಳ ವಿಷಯದಲ್ಲಿ ಸಮಾಜದ ನಡೆ ಹೀಗೆಯೇ.

ಶ್ರುತಿಪೆಟ್ಟಿಗೆಯ ದಾಯಾದಿಗಳು ಭಾರತಕ್ಕೂ ಬಹಳ ಬೇಗನೆ ಬಂದಿದ್ದುವು. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ೧೯೬೯ರಲ್ಲಿಯೇ ಮೂಗ್ ಯಂತ್ರವುಳ್ಳ ಒಂದು ಸಂಗೀತಶಾಲೆ ಸಿದ್ಧವಾಯಿತು. ಅದನ್ನು ಜೋಡಿಸಿಕೊಟ್ಟವರು ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್. ಅದರ ಹಿಂದೆ ಇದ್ದವರಲ್ಲಿ ಗೀತಾ ಸಾರಾಭಾಯಿ ಒಬ್ಬರು. ಆಕೆ ಪಖವಾಜ್ ನುಡಿಸುತ್ತಿದ್ದ ವಿದುಷಿ, ೧೯೪೬ರಲ್ಲಿ ನ್ಯೂಯಾರ್ಕಿನಲ್ಲಿ ಜಾನ್ ಕೇಜ್ ಎಂಬ ಸಂಗೀತಕಾರನಿಗೆ ಭಾರತೀಯ ಸಂಗೀತವನ್ನು ಕಲಿಸಿ ಅವನಿಂದ ಪಾಶ್ಚಾತ್ಯ ಸಂಗೀತವನ್ನು ಕಲಿತವರು. ಎಸ್. ಸಿ. ಶರ್ಮಾ, ಐ. ಎಸ್. ಮಾಥುರ್, ಅತುಲ್ ದೇಸಾಯಿ, ಜಿನರಾಜ್ ಜೋಶಿಪುರಾ ಮೊದಲಾದವರು ಅಲ್ಲಿ ಕೂತು ಹೊಸ ನಾದಗಳನ್ನು ಟೇಪಿನ ಮೇಲೆ ಹಿಡಿದರು. ಕೆಲವೇ ವರ್ಷಗಳಲ್ಲಿ ಶಾಲೆ ಮುಚ್ಚಿತು. ಟೇಪುಗಳು ಸಂಸ್ಥೆಯ ದಾಖಲೆಕೋಣೆ ಸೇರಿದುವು. ಸುಮಾರು ಅರ್ಧ ಶತಮಾನದ ಮೇಲೆ ಪಾಲ್ ಪರ್ಗಸ್ ಎಂಬ ಬ್ರಿಟಿಷ್ ಕಲಾವಿದರು ಅವನ್ನು ಹುಡುಕಿ ತೆಗೆದರು. ೨೦೨೩ರಲ್ಲಿ ಅವುಗಳ ಧ್ವನಿಮುದ್ರಿಕೆ ಹೊರಬಂದಿತು. ಆ ನಡುವಣ ಕಾಲದಲ್ಲಿ ವಿದ್ಯುತ್ ಸಂಗೀತವೆಂದರೆ ಪರರ ಸೊತ್ತೆಂಬ ನಂಬಿಕೆ ಈ ದೇಶದಲ್ಲಿ ಬಲವಾಗಿ ಬೇರೂರಿಬಿಟ್ಟಿತು. ನೆನಪಿಲ್ಲದವನಿಗೆ ತನ್ನ ಮನೆಯ ಪಾತ್ರೆಯೂ ಅಂಗಡಿಯ ಪಾತ್ರೆಯಂತೆ ಕಾಣುವುದು ಸಹಜವಷ್ಟೆ.

ಇನ್ನೊಂದು ಪ್ರಸಂಗ ಇದಕ್ಕಿಂತ ಸ್ವಾರಸ್ಯವಾದುದು. ಜಪಾನಿನ ರೋಲೆಂಡ್ ಕಂಪನಿ ೧೯೮೧ರ ಕೊನೆಯಲ್ಲಿ ಟಿಬಿ-೩೦೩ ಎಂಬ ಬೆಳ್ಳಿಬಣ್ಣದ ಪುಟ್ಟ ಯಂತ್ರವನ್ನು ಮಾರುಕಟ್ಟೆಗೆ ತಂದಿತು. ಜೊತೆಗಾರರಿಲ್ಲದೆ ಒಬ್ಬನೇ ಕುಳಿತು ಗಿಟಾರ್ ಅಭ್ಯಾಸ ಮಾಡುವವನಿಗೆ ಹಿಂದಿನಿಂದ ಮಂದ್ರದ ಸ್ವರಗಳನ್ನು ನುಡಿಸುತ್ತಿರಲಿ ಎಂಬುದು ಅದರ ಉದ್ದೇಶ. ಅದು ನಿಜವಾದ ಗಿಟಾರಿನಂತೆ ಕೇಳಿಸಲಿಲ್ಲ; ಕೊಳ್ಳುವವರು ಒದಗಲಿಲ್ಲ; ೧೯೮೪ರಲ್ಲಿ ತಯಾರಿಕೆ ನಿಂತಿತು. ಆದರೆ ಮುಂಬಯಿಯ ಚಲನಚಿತ್ರ ವಾದ್ಯವೃಂದದ ಕಲಾವಿದ ಚರಣಜಿತ್ ಸಿಂಗ್ ಅದನ್ನು ಕೊಂಡು, ಅದಕ್ಕೆ ತಾಳದ ಯಂತ್ರವೊಂದನ್ನು ಜೊತೆಗೂಡಿಸಿ, ಭೈರವ, ಲಲಿತ್, ಯಮನ್, ಮಾಲಕೌಂಸ್ ಮೊದಲಾದ ಹತ್ತು ರಾಗಗಳನ್ನು ಡಿಸ್ಕೊ ಲಯದ ಮೇಲೆ ನುಡಿಸಿ ೧೯೮೨ರಲ್ಲಿ ಒಂದು ಮುದ್ರಿಕೆಯನ್ನು ಹೊರತಂದರು. ಅದನ್ನು ಕೇಳಿದವರು ಕೆಲವೇ ಮಂದಿ. ೧೯೮೭ರಲ್ಲಿ ಶಿಕಾಗೋ ನಗರದ ಯುವಕರು ಅದೇ ಯಂತ್ರದ ತಿರುಪುಗಳನ್ನು ತಿರುಚಿ ತೆಗೆದ ಧ್ವನಿ ಆಸಿಡ್ ಹೌಸ್ ಎಂಬ ಹೆಸರಿನಿಂದ ಯುರೋಪಿನ ಕ್ಲಬ್ಬುಗಳನ್ನೆಲ್ಲ ಕುಣಿಸಿತು. ಚರಣಜಿತರ ಮುದ್ರಿಕೆ ೨೦೧೦ರಲ್ಲಿ ಮತ್ತೆ ಹೊರಬಂದಾಗ ಪಶ್ಚಿಮದ ರಸಿಕರು ಬೆಕ್ಕಸಬೆರಗಾದರು. ತಮ್ಮ ಶಿಕಾಗೋದಲ್ಲಿ ಹುಟ್ಟಿದುದೆಂದು ತಿಳಿದ ನಾದ ಐದು ವರ್ಷ ಮೊದಲೇ ಮುಂಬಯಿಯಲ್ಲಿ ಭೈರವ ರಾಗದ ವೇಷದಲ್ಲಿ ಓಡಾಡಿತ್ತು! ಮುದುಕರಾಗಿದ್ದ ಚರಣಜಿತರನ್ನು ಯುರೋಪಿಗೆ ಕರೆಸಿ ನುಡಿಸಿದರು. ೨೦೧೫ರಲ್ಲಿ ಅವರು ತೀರಿಕೊಂಡರು.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ರೋಲೆಂಡಿನ ಯಂತ್ರವೂ ಬೆಂಗಳೂರಿನ ಶ್ರುತಿಪೆಟ್ಟಿಗೆಯೂ ಹೆಚ್ಚುಕಡಿಮೆ ಒಂದೇ ಕಾಲದವು. ಒಂದೇ ಕೊರತೆಯನ್ನು ತುಂಬಲು ಹುಟ್ಟಿದವು. ಎರಡೂ ಒಂಟಿ ಸಾಧಕನಿಗೆ ಜೊತೆಗಾರರು. ಅವೆರಡರ ಹಾದಿ ಮಾತ್ರ ಮುಂದೆ ಕವಲೊಡೆಯಿತು. ಒಂದು ದೇವರ ಮನೆಯ ಪಕ್ಕದಲ್ಲಿ ಉಳಿಯಿತು. ಇನ್ನೊಂದು ಸಾವಿರಾರು ಜನ ಕುಣಿಯುವ ಅಂಗಳಕ್ಕೆ ನಡೆಯಿತು.

ಶ್ರುತಿಪೆಟ್ಟಿಗೆ ಬರುವ ಮುಂಚೆ ಗಾಯಕರ ಬೆನ್ನಹಿಂದೆ ಒಬ್ಬರು ಕುಳಿತಿರುತ್ತಿದ್ದರು. ಶಿಷ್ಯನೋ ಶಿಷ್ಯೆಯೋ, ಮನೆಯಲ್ಲಾದರೆ ಮಗಳೋ ಸೊಸೆಯೋ. ಅವರ ಕೆಲಸ ತಂಬೂರಿ ಮೀಟುವುದು. ಹೊರನೋಟಕ್ಕೆ ಅದು ಚಾಕರಿ. ಮೂರು ಗಂಟೆಗಳ ಕಾಲ ಬೆನ್ನು ನೆಟ್ಟಗಿರಿಸಿ ನಾಲ್ಕೇ ತಂತಿಗಳನ್ನು ಮೀಟುತ್ತಿರುವುದು ಸುಖದ ಕೆಲಸವಲ್ಲ. ಸಭೆಯವರು ಆ ವ್ಯಕ್ತಿಯ ಮುಖವನ್ನು ನೋಡುತ್ತಿರಲಿಲ್ಲ, ಹೆಸರನ್ನು ಕೇಳುತ್ತಿರಲಿಲ್ಲ. ಆದರೆ ಗುರುವಿನ ಉಸಿರು ಎಲ್ಲಿ ನಿಲ್ಲುತ್ತದೆ, ರಾಗ ಎಲ್ಲಿ ತಿರುಗುತ್ತದೆ, ತಪ್ಪಿದ ತಾಳವನ್ನು ಹೇಗೆ ಕೂಡಿಸಿಕೊಳ್ಳುತ್ತಾರೆ ಎಂಬುದನ್ನೆಲ್ಲ ಅಷ್ಟು ಹತ್ತಿರದಿಂದ ಕಾಣುವ ಭಾಗ್ಯ ಆ ಆಸನದಲ್ಲಿ ಕುಳಿತವರಿಗಲ್ಲದೆ ಬೇರೆ ಯಾರಿಗೂ ಇರಲಿಲ್ಲ. ಪೆಟ್ಟಿಗೆ ಅವರನ್ನು ಚಾಕರಿಯಿಂದ ಬಿಡಿಸಿತು; ಜೊತೆಗೇ ಆ ಆಸನದಿಂದಲೂ ಎಬ್ಬಿಸಿತು. ಮನೆಯ ಹೆಣ್ಣುಮಗಳು ಯಾರ ಹಂಗೂ ಇಲ್ಲದೆ, ಅಡಿಗೆ ಮುಗಿದ ಮೇಲೆ, ಒಬ್ಬಳೇ ಬಾಗಿಲು ಹಾಕಿಕೊಂಡು ಹಾಡಿಕೊಳ್ಳುವಂತಾದುದು ಸಣ್ಣ ಲಾಭವಲ್ಲ. ಆಕೆಯ ಹಿಂದೆ ಕುಳಿತು ಕೇಳುವವರು ಯಾರೂ ಇಲ್ಲದಂತಾದುದು ಸಣ್ಣ ನಷ್ಟವೂ ಅಲ್ಲ.

ಕ್ಲಬ್ಬಿನಲ್ಲಿ ಯಂತ್ರ ಮಾಡಿದುದು ಇದಕ್ಕೆ ಎದುರಾದ ಕೆಲಸ. ಅದು ಒಂಟಿಯಾಗಿದ್ದವರನ್ನು ಕೂಡಿಸಿತು. ಹೌಸ್ ಸಂಗೀತಕ್ಕೆ ಹೆಸರು ಬಂದುದು ಶಿಕಾಗೋದ ವೇರ್‌ಹೌಸ್ ಎಂಬ ಕ್ಲಬ್ಬಿನಿಂದ. ಅಲ್ಲಿ ಫ್ರಾಂಕಿ ನಕಲ್ಸ್ ತಟ್ಟೆಗಳನ್ನು ನುಡಿಸುತ್ತಿದ್ದ. ಅಲ್ಲಿಗೆ ಬರುತ್ತಿದ್ದವರಲ್ಲಿ ಹೆಚ್ಚಿನವರು ಬೇರೆ ಕಡೆ ಆದರದಿಂದ ಒಳಗೆ ಸೇರಿಸಿಕೊಳ್ಳದ ಕರಿಯರು, ಸಲಿಂಗಪ್ರೇಮಿಗಳು. ಮೋಟಾರು ಕಾರ್ಖಾನೆಗಳು ಒಂದೊಂದಾಗಿ ಸೊರಗುತ್ತಿದ್ದ ಡೆಟ್ರಾಯಿಟ್ ನಗರದ ಬಳಿ ಒಂದೇ ಶಾಲೆಯಲ್ಲಿ ಓದಿದ ಹ್ವಾನ್ ಅಟ್ಕಿನ್ಸ್, ಡೆರಿಕ್ ಮೇ, ಕೆವಿನ್ ಸಾಂಡರ್ಸನ್ ಎಂಬ ಮೂವರು ಟೆಕ್ನೊ ಸಂಗೀತಕ್ಕೆ ಅಡಿಗಲ್ಲಿಟ್ಟರು. ಬರ್ಲಿನ್ನಿನ ಗೋಡೆ ೧೯೮೯ರಲ್ಲಿ ಬಿದ್ದ ಮೇಲೆ ಆ ಊರಿನ ಪೂರ್ವಭಾಗದಲ್ಲಿ ಪಾಳುಬಿದ್ದ ಕಟ್ಟಡಗಳೇ ನೃತ್ಯಶಾಲೆಗಳಾದುವು. ೧೯೯೧ರಲ್ಲಿ ತೆರೆದ ಟ್ರೆಸರ್ ಎಂಬ ಕ್ಲಬ್ಬು ಹಳೆಯ ಅಂಗಡಿಯೊಂದರ ನೆಲಮಾಳಿಗೆಯ ತಿಜೋರಿಯಲ್ಲಿತ್ತು. ಎರಡು ತುಂಡಾಗಿದ್ದ ಊರಿನ ಮಕ್ಕಳು ಮೊದಲು ಒಂದಾಗಿ ಕಲೆತ ಸ್ಥಳಗಳಲ್ಲಿ ಅವೂ ಸೇರಿದುವು. ೨೦೨೪ರಲ್ಲಿ ಜರ್ಮನಿ ಬರ್ಲಿನ್ನಿನ ಟೆಕ್ನೊ ಸಂಸ್ಕೃತಿಯನ್ನು ತನ್ನ ಅಮೂರ್ತ ಪರಂಪರೆಯ ರಾಷ್ಟ್ರೀಯ ಪಟ್ಟಿಗೆ ಸೇರಿಸಿತು.

ಕಾರ್ಖಾನೆಯ ಮಾತು ರಾಜಾಜಿನಗರಕ್ಕೆ ಹೊಸದೇನಲ್ಲ. ಇಂಡಸ್ಟ್ರಿಯಲ್ ಎಸ್ಟೇಟಿನ ಸೈರನ್ನಿಗೆ ಗಡಿಯಾರ ಕೂಡಿಸಿಕೊಂಡು ಬಾಳಿದ ಕುಟುಂಬಗಳು ಅಲ್ಲಿ ಇಂದಿಗೂ ಇವೆ. ಮಾಗಡಿ ರಸ್ತೆಯ ಬಿನ್ನಿ ಮಿಲ್ಲಿನ ನೆಲದಲ್ಲಿ ಈಗ ವಸತಿಗೋಪುರಗಳೂ ಮಾಲೂ ನಿಂತಿವೆ. ಆ ಶ್ರಮಿಕರ ಬಡಾವಣೆಗಳಿಗೂ ತಮ್ಮದೇ ಆದ ವಿದ್ಯುತ್ ಸಂಗೀತವಿತ್ತು. ಅದರ ಹೆಸರು ಆರ್ಕೆಸ್ಟ್ರಾ. ಗಣೇಶನ ಹಬ್ಬದಲ್ಲಿ, ರಾಜ್ಯೋತ್ಸವದಲ್ಲಿ ಅಡ್ಡರಸ್ತೆಗೆ ಅಡ್ಡಲಾಗಿ ವೇದಿಕೆ, ಅದರ ಮೇಲೆ ಕೀಬೋರ್ಡು, ರಿದಮ್ ಪ್ಯಾಡು, ಎರಡಾಳೆತ್ತರದ ಸ್ಪೀಕರು. ರಾಜ್‌ಕುಮಾರರ ಹಾಡು ಬಂದೊಡನೆ ವೇದಿಕೆಯ ಕೆಳಗೆ ಕುಣಿಯುತ್ತಿದ್ದವರಿಗೆ ಪ್ರವೇಶದ ಶುಲ್ಕವಿರಲಿಲ್ಲ, ಉಡುಪಿನ ಕಟ್ಟಳೆಯಿರಲಿಲ್ಲ. ಮನೆಯ ಮಹಡಿಯಿಂದ ಬಗ್ಗಿ ನೋಡುತ್ತಿದ್ದ ಹಿರಿಯರು ಅದನ್ನು ಕ್ಲಬ್ಬೆಂದು ಕರೆಯಲಿಲ್ಲ, ಅಷ್ಟೆ.

ಕ್ಲಬ್ಬೆಂಬ ಶಬ್ದಕ್ಕೆ ಈ ಮನೆಗಳಲ್ಲಿ ಬೇರೆಯೇ ಅರ್ಥವಿತ್ತು. ಆ ಅರ್ಥವನ್ನು ಕಲಿಸಿದುದು ಸಿನಿಮಾ. ಕಳ್ಳಸಾಗಣೆಯವನು ಗಾಜಿನ ಲೋಟ ಹಿಡಿದು ಕೂತಿರುವ ಮಂದಬೆಳಕಿನ ಕೋಣೆಯೇ ಕ್ಲಬ್ಬು. ಅಲ್ಲಿ ಕುಣಿಯುವ ಹೆಣ್ಣಿಗೆ ಕತೆಯ ಕೊನೆಯಲ್ಲಿ ಒಳ್ಳೆಯ ಗತಿಯಿಲ್ಲ. ನಾಯಕ ಅಲ್ಲಿಗೆ ಹೋಗುವುದು ಅಪರಾಧಿಯನ್ನು ಹಿಡಿಯಲು. ೧೯೭೮ರ ‘ಆಪರೇಷನ್ ಡೈಮಂಡ್ ರಾಕೆಟ್’ ಚಿತ್ರದಲ್ಲಿ ರಾಜ್‌ಕುಮಾರರು ಇಂಗ್ಲಿಷಿನಲ್ಲಿಯೇ ಒಂದು ಹಾಡನ್ನು ಹಾಡಿದಾಗ ಆ ಹಾಡು ಮಾತ್ರ ಎಲ್ಲ ಮನೆಗಳಿಗೂ ನುಗ್ಗಿತು. ಮಡಿವಂತರ ಮಕ್ಕಳೂ ಅದನ್ನು ಗುನುಗಿದರು. ಸ್ಥಳ ನಿಷಿದ್ಧ, ಹಾಡು ಗ್ರಾಹ್ಯ ಎಂಬ ಈ ಏರ್ಪಾಟು ಬಹುಕಾಲ ನಡೆಯಿತು. ಸರ್ಕಾರದ ಕಣ್ಣಿಗೂ ಕ್ಲಬ್ಬು ಅನುಮಾನದ ಸ್ಥಳವೇ. ಲೈವ್ ಬ್ಯಾಂಡು, ನೃತ್ಯಗಳು ನಡೆಯುವ ಬೆಂಗಳೂರಿನ ಮನರಂಜನಾ ಸ್ಥಳಗಳೆಲ್ಲ ಪೊಲೀಸ್ ಆಯುಕ್ತರ ಪರವಾನಗಿ ಪಡೆಯಬೇಕೆಂದು ೨೦೦೫ರಲ್ಲಿ ಒಂದು ಆಜ್ಞೆ ಹೊರಟಿತು. ೨೦೧೮ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು.

ಇದರಲ್ಲಿ ಎಲ್ಲವೂ ಹಿರಿಯರ ಕುರುಡು ಅಂಜಿಕೆಯೆಂದು ಹೇಳುವುದು ನ್ಯಾಯವಲ್ಲ. ಪಕ್ಕದ ಕಟ್ಟಡದಲ್ಲಿ ಸ್ಪೀಕರು ಮೊರೆಯುತ್ತಿರುವಾಗ ನಿದ್ರೆ ಬಾರದೆ ಒದ್ದಾಡುವ ಹೃದ್ರೋಗಿಗೆ, ಬೆಳಿಗ್ಗೆ ಪರೀಕ್ಷೆ ಬರೆಯಬೇಕಾದ ಹುಡುಗಿಗೆ ಯಾವ ಸಂಸ್ಕೃತಿಯ ಇತಿಹಾಸವೂ ಸಮಾಧಾನ ತರಲಾರದು. ೨೦೦೦ದ ಶಬ್ದಮಾಲಿನ್ಯ ನಿಯಮಗಳು ವಸತಿಯ ಬೀದಿಗಳಲ್ಲಿ ಹಗಲು ೫೫, ಇರುಳು ೪೫ ಡೆಸಿಬಲ್ಲಿನ ಮಿತಿಯನ್ನು ಗೊತ್ತುಮಾಡಿವೆ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಹೊರಗೆ ಧ್ವನಿವರ್ಧಕ ಕೂಡದೆಂದು ವಿಧಿಸಿವೆ. ಈ ನಿಯಮಕ್ಕೆ ಪಬ್ಬು ಬೇರೆ, ಗಣಪತಿಯ ಪೆಂಡಾಲು ಬೇರೆ ಎಂಬ ಭೇದವಿಲ್ಲ. ಹಬ್ಬಹರಿದಿನಗಳಿಗೆ ವರ್ಷದಲ್ಲಿ ಹದಿನೈದು ದಿನ ಮೀರದಂತೆ ನಡುರಾತ್ರಿಯವರೆಗೆ ಸಡಿಲಿಕೆ ಕೊಡಬಹುದು, ಅಷ್ಟೆ. ದೂರು ಕೊಡುವ ಕೈ ಮಾತ್ರ ಒಂದರ ಮೇಲೆ ಬೇಗನೆ ಏಳುತ್ತದೆ, ಇನ್ನೊಂದರ ಮುಂದೆ ಮುಗಿದುಕೊಳ್ಳುತ್ತದೆ. ಇರುಳೆಲ್ಲ ಎಚ್ಚರವಿರುವುದು ಈ ನಾಡಿಗೆ ಹೊಸತೆ? ಚೈತ್ರದ ಹುಣ್ಣಿಮೆಯಂದು ಬೆಂಗಳೂರಿನ ಪೇಟೆ ಕರಗದ ಹಿಂದೆ ಬೆಳಗಿನವರೆಗೆ ನಡೆಯುತ್ತದೆ. ಕರಾವಳಿಯ ಯಕ್ಷಗಾನದಲ್ಲಿ ಚಂಡೆಯ ಪೆಟ್ಟಿಗೆ ನಿದ್ದೆಗಣ್ಣಿನ ಮಕ್ಕಳು ಬೆಚ್ಚಿ ಎದ್ದು ಕೂರುತ್ತಿದ್ದರು. ತಾಯಿತಂದೆಯರನ್ನು ನಿಜವಾಗಿ ಕಾಡುವುದು ತಾಳವೂ ಅಲ್ಲ, ಇರುಳೂ ಅಲ್ಲ. ಮದ್ಯದ ಲೋಟ, ಬರಿದಾದ ರಸ್ತೆ, ಮರಳಿ ಬರುವ ದಾರಿ. ಆ ಚಿಂತೆಗೆ ಉತ್ತರ ಕೊಡಬೇಕಾದುದು ಊರಿನ ಬೀದಿದೀಪ, ಬಸ್ಸು, ಪೊಲೀಸು. ಸಂಗೀತವನ್ನು ಜರೆದರೆ ಆ ದಾರಿಯಲ್ಲಿ ಒಂದು ದೀಪವೂ ಹೆಚ್ಚಾಗಿ ಉರಿಯುವುದಿಲ್ಲ.

ಸದ್ಯದ ಮನೆಗಳ ಸ್ಥಿತಿ ಬೇರೊಂದು ಬಗೆಯಲ್ಲಿ ಯೋಚನೆಗೆ ಹಚ್ಚುತ್ತದೆ. ನಡುಮನೆಯಲ್ಲಿ ತಾತನ ಫೋನು ಶ್ರುತಿ ಹಿಡಿದಿದೆ. ಒಳಕೋಣೆಯಲ್ಲಿ ಮೊಮ್ಮಗಳ ಕಿವಿಯೊಳಗೆ ಬರ್ಲಿನ್ನಿನ ತಾಳ ನಡೆದಿದೆ. ಎರಡೂ ಒಂದೇ ಬಗೆಯ ಆಂದೋಲಕದ ಮಕ್ಕಳು. ನಡುವೆ ಇರುವುದು ಒಂದು ಬಾಗಿಲು. ತಾತನಿಗೆ ಅವಳು ಕೇಳುವುದು ಗದ್ದಲ, ಅವಳಿಗೆ ತಾತ ಕೇಳುವುದು ತೂಕಡಿಕೆ. ಒಂದೇ ಸ್ವರವನ್ನು ಎಡೆಬಿಡದೆ ಹಿಡಿದು, ಅದರೊಳಗಿನ ಬದಲಾವಣೆಗೆ ಕಿವಿಗೊಟ್ಟು ಕೂರುವುದು ಎರಡು ಕೋಣೆಗಳಲ್ಲಿಯೂ ನಡೆಯುತ್ತಿರುವ ಕೆಲಸವೆಂಬುದನ್ನು ಅವರಿಗೆ ಯಾರೂ ಹೇಳಿಲ್ಲ.

ಹೇಳುವುದಕ್ಕೆ ಸಂಗ್ರಹಾಲಯಕ್ಕಿಂತ ತಕ್ಕ ಸ್ಥಳವಿಲ್ಲ. ಬೆಂಗಳೂರಿನ ಜೆ. ಪಿ. ನಗರದಲ್ಲಿ ೨೦೧೯ರ ಜುಲೈಯಲ್ಲಿ ಇಂಡಿಯನ್ ಮ್ಯೂಸಿಕ್ ಎಕ್ಸ್‌ಪೀರಿಯೆನ್ಸ್ ಎಂಬ ಸಂಗೀತ ಸಂಗ್ರಹಾಲಯ ಪೂರ್ಣವಾಗಿ ತೆರೆಯಿತು. ವಾದ್ಯಗಳ ಶಾಲೆ, ಜಾನಪದದ ಹಾಡು, ಸಿನಿಮಾದ ಹಾಡು, ಸ್ವಾತಂತ್ರ್ಯದ ಹಾಡು, ಇತ್ತೀಚಿನ ಬ್ಯಾಂಡುಗಳ ಹಾಡು, ಎಲ್ಲಕ್ಕೂ ಅಲ್ಲಿ ಎಡೆಯಿದೆ. ಹೊರಗಿನ ನಾದೋದ್ಯಾನದಲ್ಲಿ ಮಕ್ಕಳು ಮುಟ್ಟಬಹುದು, ತಟ್ಟಬಹುದು, ನುಡಿಸಬಹುದು. ಮೌನದ ಮನೆಯೆಂಬ ಹಳೆಯ ಕಟ್ಟಳೆ ಅಲ್ಲಿಗೆ ಸಲ್ಲದು. ರಾಜಾಜಿನಗರದ ನಿಲ್ದಾಣದಲ್ಲಿ ಮೆಟ್ರೊದ ಹಸಿರು ಮಾರ್ಗದ ಗಾಡಿಯನ್ನು ಹತ್ತಿದರೆ ಮೆಜೆಸ್ಟಿಕ್ಕಿನಲ್ಲಿ ಇಳಿದು ಬದಲಿಸುವ ತೊಂದರೆಯಿಲ್ಲದೆ ಜೆ. ಪಿ. ನಗರದ ನಿಲ್ದಾಣಕ್ಕೆ ಹೋಗಬಹುದು. ಅಲ್ಲಿಂದ ಮುಂದಕ್ಕೆ ಆಟೋ. ತಾತ ಮೊಮ್ಮಗಳಿಬ್ಬರೂ ಒಂದು ಭಾನುವಾರ ಹೋಗಿಬರಲು ಅಡ್ಡಿಯೇನಿಲ್ಲ.

ವಿದ್ಯುತ್ ಸಂಗೀತದ ಪ್ರದರ್ಶನವೊಂದು ಬೆಂಗಳೂರಿನಲ್ಲಿಯೇ ಏರ್ಪಟ್ಟರೆ ಅದು ಲಂಡನ್ನಿನ ನಕಲಾಗಬೇಕಾದ ಅಗತ್ಯವಿಲ್ಲ. ಚೌಡಯ್ಯನವರ ಏಳು ತಂತಿ, ೧೯೭೯ರ ಶ್ರುತಿಪೆಟ್ಟಿಗೆ, ಆರ್ಕೆಸ್ಟ್ರಾದವರ ಕೀಬೋರ್ಡು, ಪಬ್ಬಿನ ಸ್ಪೀಕರು ಇವನ್ನು ಒಂದೇ ಸಾಲಿನಲ್ಲಿಡಬಹುದು. ತಂಬೂರಿ ಮೀಟುತ್ತಿದ್ದವರ ಬರಿದಾದ ಆಸನಕ್ಕೂ ಅಲ್ಲಿ ಒಂದು ಮೂಲೆ ಇರಬೇಕು. ಆದರೆ ಅಂಥ ಪ್ರದರ್ಶನಕ್ಕೆ ಬೇಕಾದ ಸಾಮಗ್ರಿ ಯಾವ ಅರಮನೆಯ ಉಗ್ರಾಣದಲ್ಲಿಯೂ ಇಲ್ಲ. ಅದು ಇರುವುದು ವಿಜಯನಗರದ, ಕೆಂಗೇರಿಯ ಮನೆಗಳ ಅಟ್ಟದ ಮೇಲೆ. ದೀಪಾವಳಿಯ ಮುಂಚೆ ಅಟ್ಟ ಗುಡಿಸುವಾಗ ಆ ಕೆಟ್ಟ ಪೆಟ್ಟಿಗೆಗಳೂ ಕ್ಯಾಸೆಟ್ಟುಗಳ ರಾಶಿಯೂ ಕೆಳಗಿಳಿಯುತ್ತವೆ. ಬಾಗಿಲಲ್ಲಿ ಹಳೆ ಸಾಮಾನಿನವನು ತಕ್ಕಡಿ ಹಿಡಿದು ನಿಂತಿರುತ್ತಾನೆ. ಅವನ ತಕ್ಕಡಿಗೆ ಪ್ಲಾಸ್ಟಿಕ್ಕಿನ ತೂಕ ಗೊತ್ತು, ಒಳಗಿನ ಧ್ವನಿಯ ತೂಕ ಗೊತ್ತಿಲ್ಲ. ಅಹಮದಾಬಾದಿನ ಟೇಪುಗಳು ಉಳಿದುದು ಯಾರೋ ಅವನ್ನು ಎಸೆಯದೆ ಬಿಟ್ಟುದರಿಂದ ಮಾತ್ರ.

ಕೊಡುವ ಮುಂಚೆ ಒಂದು ಕ್ಷಣ ತಡೆಯಬಹುದು. ಪೆಟ್ಟಿಗೆಯ ತಳದಲ್ಲಿ ಒಂದು ಚೀಟಿ ಅಂಟಿಸಿ, ಯಾವ ವರ್ಷ ಕೊಂಡದ್ದು, ಯಾವ ಶ್ರುತಿಗೆ ನಿಲ್ಲಿಸುತ್ತಿದ್ದರು, ಅದರ ಮುಂದೆ ಕುಳಿತು ಹಾಡುತ್ತಿದ್ದವರು ಯಾರು ಎಂದು ಎರಡು ಸಾಲು ಬರೆದಿಡಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಅಜ್ಜಿ ಇನ್ನೂ ಇದ್ದರೆ ಆ ಸಾಲುಗಳನ್ನು ಆಕೆಯಿಂದಲೇ ಹೇಳಿಸಿಕೊಂಡು, ಬರೆಯುವ ಕೆಲಸವನ್ನು ಮೊಮ್ಮಗಳಿಗೆ ಕೊಡುವುದು ಮೇಲು.